ಇಂಗ್ಲಿಷ್ ಮಿಶ್ರಣದ ಪೈಪ್ ತಂಬಾಕು: ಕೋಲಾರದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ ಜಿಲ್ಲೆಯಲ್ಲಿ ಪೈಪ್ ಸೇದುವವರನ್ನು ಹುಡುಕಿ ತರಬೇಕು. ಆದರೂ ಪ್ರಶ್ನೆಗಳಿಗೆ ಬರವಿಲ್ಲ. ಹಳೆಯ ಟ್ರಂಕಿನಲ್ಲಿ ತಾತನ ಪೈಪ್ ಸಿಕ್ಕವರು, ವಿದೇಶದಿಂದ ಬಂದ ಅಳಿಯ ಕೊಟ್ಟ ಡಬ್ಬಿಯನ್ನು ಏನು ಮಾಡುವುದೆಂದು ತಿಳಿಯದವರು, ಸಿಗರೇಟು ಬಿಟ್ಟು ಇತ್ತ ಹೊರಳಬಹುದೇ ಎಂದು ಲೆಕ್ಕ ಹಾಕುವವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಒಂದೇ ಉತ್ತರವನ್ನು ಮತ್ತೆ ಮತ್ತೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಇದು 21 ತುಂಬಿದ, ಈಗಾಗಲೇ ತಂಬಾಕಿನ ಸಹವಾಸದಲ್ಲಿರುವವರಿಗೆ. ಸೇದದವರು ಓದಲಿ, ಅಡ್ಡಿಯಿಲ್ಲ. ಓದಿ ಶುರು ಮಾಡುವುದು ಬೇಡ.

ಇಂಗ್ಲಿಷ್ ಮಿಶ್ರಣ ಎಂದರೆ ಏನು? ಇಂಗ್ಲೆಂಡಿನಲ್ಲಿ ಬೆಳೆದ ತಂಬಾಕೇ?

ಅಲ್ಲ. ಇಂಗ್ಲೆಂಡಿನಲ್ಲಿ ಬೆರೆಸಿದ ಪದ್ಧತಿ, ಅಷ್ಟೆ. ಎಲೆಗಳು ಬರುವುದು ಬೇರೆ ಬೇರೆ ದೇಶಗಳಿಂದ. ತಳಹದಿಗೆ ವರ್ಜೀನಿಯಾ, ಅದರ ಮೇಲೆ ಟರ್ಕಿ ಮತ್ತು ಗ್ರೀಸ್ ಕಡೆಯ ಓರಿಯೆಂಟಲ್ ಎಲೆ, ಇವೆರಡಕ್ಕೂ ಮೈ ಬಣ್ಣ ಕೊಡುವಂತೆ ಹೊಗೆಯಲ್ಲಿ ಒಣಗಿಸಿದ ಕಪ್ಪು ಲಟಾಕಿಯಾ. ಕೆಲವರು ಪೆರೀಕ್ ಎಂಬ ಹುಳಿಸಿದ ಎಲೆಯನ್ನು ಚಿಟಿಕೆ ಸೇರಿಸುತ್ತಾರೆ. ಚೆರ್ರಿ, ವೆನಿಲಾ, ಚಾಕೊಲೇಟು ಎಂದು ಮೇಲಿನಿಂದ ಚಿಮುಕಿಸಿದ ಸುವಾಸನೆ ಇದರಲ್ಲಿ ಇರುವುದಿಲ್ಲ.

ಹಾಗೆ ಇಲ್ಲದಿರುವುದಕ್ಕೆ ರುಚಿಯಷ್ಟೇ ಕಾರಣವಲ್ಲ. ಬ್ರಿಟನ್ನಿನಲ್ಲಿ ತಂಬಾಕಿನ ಮೇಲಿನ ಸುಂಕ ಸರ್ಕಾರಕ್ಕೆ ದೊಡ್ಡ ಆದಾಯವಾಗಿತ್ತು. ತಂಬಾಕಿಗೆ ಸಕ್ಕರೆಯನ್ನೋ ಪಾಕವನ್ನೋ ಬೆರೆಸಿ ತೂಕ ಹೆಚ್ಚಿಸಿದರೆ ಸುಂಕಕ್ಕೆ ಕತ್ತರಿ. ಹಾಗಾಗಿ ಕಲಬೆರಕೆಯ ಮೇಲೆ ಅಬಕಾರಿ ಇಲಾಖೆ ಕಣ್ಣಿಟ್ಟಿತ್ತು. ಬೆರಕೆಗೆ ದಾರಿ ಇಲ್ಲದ ಕಡೆ ವ್ಯಾಪಾರಿಗೆ ಉಳಿದದ್ದು ಎಲೆಯೊಂದೇ; ಯಾವ ಎಲೆ, ಎಷ್ಟು, ಎಷ್ಟು ಹಳೆಯದು ಎಂಬುದರಲ್ಲೇ ಆತ ತನ್ನ ಕೈಚಳಕ ತೋರಿಸಬೇಕಿತ್ತು. 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್ ಗಿರಾಕಿಯ ಇಷ್ಟಕ್ಕೆ ತಕ್ಕಂತೆ ಎಲೆ ಬೆರೆಸಿ, ಆ ಮಿಶ್ರಣಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆದಿಡುತ್ತಿದ್ದ. ‘ಮೈ ಮಿಕ್ಸ್ಚರ್ 965’ ಎಂಬ ಹೆಸರು ಬಂದದ್ದು ಹಾಗೆ.

ಸಿಗರೇಟಿಗಿಂತ ಪೈಪ್ ವಾಸಿಯಂತೆ, ಹೊಗೆ ಒಳಗೆ ಎಳೆಯುವುದಿಲ್ಲವಲ್ಲ?

ಈ ಮಾತನ್ನು ಹೇಳಿ ಸಮಾಧಾನ ಮಾಡಿಕೊಳ್ಳುವವರು ಬಹಳ. ಪೈಪ್ ಹೊಗೆಯನ್ನು ಸಾಮಾನ್ಯವಾಗಿ ಬಾಯಲ್ಲೇ ಆಡಿಸಿ ಬಿಡುತ್ತಾರೆ, ನಿಜ. ಆದರೆ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ತುಟಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳಗಳ ಕ್ಯಾನ್ಸರಿಗೆ ಪೈಪ್ ಹೊಗೆ ಕಾರಣವಾಗುತ್ತದೆ. ಶ್ವಾಸಕೋಶವೂ ಇದರಿಂದ ಪಾರಾಗಿಲ್ಲ. ಸಿಗರೇಟು ಬಿಟ್ಟು ಪೈಪಿಗೆ ಬಂದವರ ಕಥೆ ಇನ್ನೂ ಕೆಟ್ಟದ್ದು. ಎಳೆದು ಅಭ್ಯಾಸವಾದವರು ಇದನ್ನೂ ಎದೆಗೆ ಎಳೆಯುತ್ತಾರೆ, ಸಿಗರೇಟಿಗಿಂತ ಗಟ್ಟಿಯಾದ ಹೊಗೆಯನ್ನು.

ಸುರಕ್ಷಿತ ಪ್ರಮಾಣ ಎಂಬುದಿಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ, ಸೇದುತ್ತೇನೆ ಎಂಬುದನ್ನು ಮುಚ್ಚಿಡಬೇಡಿ. ಬಿಡಬೇಕೆಂದಿದ್ದರೆ ಕೇಂದ್ರ ಆರೋಗ್ಯ ಸಚಿವಾಲಯದ ಸಹಾಯವಾಣಿ 1800-11-2356 ಇದೆ, ಕರೆ ಉಚಿತ. ಇಷ್ಟು ಹೇಳಿದ ಮೇಲೆ ಉಳಿದದ್ದನ್ನು ಓದಿ.

ಲಟಾಕಿಯಾ ವಾಸನೆ ಯಾಕೆ ಹಾಗಿದೆ? ಕೆಟ್ಟುಹೋದ ತಂಬಾಕೇ?

ಡಬ್ಬಿ ತೆರೆದ ಮೊದಲ ಸಲ ಎಲ್ಲರೂ ಮೂಗು ಮುರಿಯುತ್ತಾರೆ. ಸೌದೆ ಒಲೆಯ ಮೇಲಿನ ಅಟ್ಟದಿಂದ, ಮಸಿ ಹಿಡಿದ ಜಂತಿಯ ಸಂದಿಯಿಂದ ಏನನ್ನೋ ಎಳೆದು ಮೂಗಿಗೆ ಹಿಡಿದಂತಿರುತ್ತದೆ. ಕೆಟ್ಟದ್ದಲ್ಲ, ಅದೇ ಅದರ ಸೊಗಡು.

ಸಿರಿಯಾದ ಬಂದರು ಊರಿನ ಹೆಸರು ಈ ಎಲೆಗೆ ಬಂದಿದೆ. ಎಲೆಯನ್ನು ಮೊದಲು ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಮುಚ್ಚಿದ ಕೊಟ್ಟಿಗೆಯಲ್ಲಿ ತೂಗುಹಾಕಿ, ಕೆಳಗೆ ಸುವಾಸನೆಯ ಮರ ಮತ್ತು ಪೊದೆಗಳನ್ನು ಹೊಗೆಯಾಡಿಸುತ್ತಾರೆ. ಉರಿ ಏಳಬಾರದು, ಹೊಗೆ ನಿಲ್ಲಬಾರದು. ವಾರಗಟ್ಟಲೆ ಹೊಗೆ ಕುಡಿದ ಎಲೆ ಕಪ್ಪಾಗುತ್ತದೆ. ಸಿರಿಯಾದಲ್ಲಿ ಪೈನ್, ಓಕ್, ಸೀಡರ್ ಉರಿಸುತ್ತಿದ್ದರು. ಕಾಡು ಬರಿದಾಗುತ್ತದೆಂದು ಅಲ್ಲಿ ನಿರ್ಬಂಧ ಬಂತು, ಆಮೇಲೆ ಯುದ್ಧ. ಈಗ ಡಬ್ಬಿಗಳಲ್ಲಿ ಸಿಗುವುದು ಹೆಚ್ಚುಕಡಿಮೆ ಎಲ್ಲವೂ ಸೈಪ್ರಸ್ ಲಟಾಕಿಯಾ. ಅಲ್ಲಿ ಮಾಸ್ಟಿಕ್, ಮಿರ್ಟಲ್ ಪೊದೆಗಳನ್ನೂ ಪೈನ್, ಸೈಪ್ರೆಸ್ ಮರಗಳನ್ನೂ ಬಳಸುತ್ತಾರೆ. ಸಿರಿಯಾದ್ದು ತುಸು ಹುಳಿ, ದ್ರಾಕ್ಷಾರಸದ ಕಡೆಗೆ ವಾಲುತ್ತದೆ ಎಂದು ಹಳಬರು ಹೇಳುತ್ತಾರೆ. ಸೈಪ್ರಸ್ಸಿನದು ಹದ ಮಾಡಿದ ಚರ್ಮ, ಧೂಪ, ಆರುತ್ತಿರುವ ಕೆಂಡದ ಕಡೆಗೆ.

ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ: ವಾಸನೆ ಜೋರಾಗಿದೆ, ಆದ್ದರಿಂದ ತಂಬಾಕೂ ಜೋರು ಎಂದು. ಲಟಾಕಿಯಾದಲ್ಲಿ ನಿಕೋಟಿನ್ ಕಡಿಮೆ. ಅದು ನಿಧಾನವಾಗಿ, ತಣ್ಣಗೆ ಉರಿಯುವ ಎಲೆ. ತಲೆ ಸುತ್ತಿಸುವುದು ಸಾಮಾನ್ಯವಾಗಿ ಅದರ ಜೊತೆಗಿರುವ ಬೇರೆ ಎಲೆ.

ಉಳಿದ ಎಲೆಗಳ ಪಾತ್ರ ಏನು?

ವರ್ಜೀನಿಯಾ ಸಿಹಿ ಕೊಡುತ್ತದೆ. ಬ್ಯಾರನ್ ಎಂಬ ಒಣಗಿಸುವ ಕೊಟ್ಟಿಗೆಯಲ್ಲಿ ಬಿಸಿಗಾಳಿಗೆ ಬೇಗ ಒಣಗಿಸುವುದರಿಂದ ಎಲೆಯ ಸಕ್ಕರೆ ಉಳಿದುಕೊಳ್ಳುತ್ತದೆ. ಹಳದಿಯದು ಹುಲ್ಲಿನ, ನಿಂಬೆಯ ಕಡೆ. ಕೆಂಪಿನದು ಬ್ರೆಡ್ಡಿನ, ಒಣಹಣ್ಣಿನ ಕಡೆ.

ಓರಿಯೆಂಟಲ್ ಎಲೆ ಅಂಗೈಗಿಂತ ಚಿಕ್ಕದು, ಬಿಸಿಲಿನಲ್ಲಿ ಒಣಗಿಸಿದ್ದು. ಗ್ರೀಸಿನ ಕ್ಸಾಂತಿ, ಕಪ್ಪು ಸಮುದ್ರ ತೀರದ ಸಾಮ್ಸುನ್, ಏಜಿಯನ್ ತೀರದ ಇಜ್ಮಿರ್ ಎಂದು ಊರಿನ ಹೆಸರಿನಿಂದಲೇ ಕರೆಯುತ್ತಾರೆ. ತುಸು ಹುಳಿ, ಒಗರು, ಒಣ ಸೊಪ್ಪಿನ ಘಮ. ನನ್ನ ಮಟ್ಟಿಗೆ ಒಳ್ಳೆಯ ಮಿಶ್ರಣಕ್ಕೂ ಸಾಧಾರಣ ಮಿಶ್ರಣಕ್ಕೂ ಇರುವ ಅಂತರ ಈ ಎಲೆಯಲ್ಲೇ ಇದೆ. ಲಟಾಕಿಯಾ ಹಾಕಿ ಅಬ್ಬರಿಸುವುದು ಯಾರಿಗೂ ಬರುತ್ತದೆ. ಅದರ ಕೆಳಗೆ ಓರಿಯೆಂಟಲ್ ಕೇಳಿಸುವಂತೆ ಬೆರೆಸುವುದು ಕೆಲವರಿಗೆ ಮಾತ್ರ.

ಪೆರೀಕ್ ಅಮೆರಿಕದ ಲೂಸಿಯಾನಾ ರಾಜ್ಯದ ಸೇಂಟ್ ಜೇಮ್ಸ್ ಪ್ರಾಂತ್ಯದ್ದು. ಎಲೆಯನ್ನು ವಿಸ್ಕಿ ಪೀಪಾಯಿಗೆ ತುಂಬಿ ಜಾಕ್ ಹಾಕಿ ಒತ್ತಿ, ತನ್ನದೇ ರಸದಲ್ಲಿ ಸುಮಾರು ಒಂದು ವರ್ಷ ಕಾಲ ಹುಳಿಯಲು ಬಿಡುತ್ತಾರೆ. ನಡುವೆ ಬಿಚ್ಚಿ, ಗಾಳಿಯಾಡಿಸಿ, ಮತ್ತೆ ಒತ್ತುತ್ತಾರೆ. ಕರಿಮೆಣಸಿನ ಖಾರ, ಒಣ ಅಂಜೂರದ ಹುಳಿ. ಚಿಟಿಕೆ ಸಾಕು.

ಬಾಲ್ಕನ್, ಸ್ಕಾಟಿಷ್ ಎಂದೂ ಬರೆದಿರುತ್ತದೆ. ವ್ಯತ್ಯಾಸವೇನು?

ಗೆರೆ ಎಳೆದು ಹೇಳುವಂಥದ್ದಲ್ಲ. ಓರಿಯೆಂಟಲ್ ಮತ್ತು ಲಟಾಕಿಯಾದ ಪಾಲು ಹೆಚ್ಚಿದ್ದರೆ ಬಾಲ್ಕನ್, ಆವಿ ಕೊಟ್ಟು ಒತ್ತಿ ಕಪ್ಪಾಗಿಸಿದ ಕ್ಯಾವೆಂಡಿಷ್ ಎಲೆ ಸೇರಿದ್ದರೆ ಸ್ಕಾಟಿಷ್ ಎನ್ನುವುದು ರೂಢಿ. ಒಬ್ಬರು ಬಾಲ್ಕನ್ ಎಂದದ್ದನ್ನು ಇನ್ನೊಬ್ಬರು ಇಂಗ್ಲಿಷ್ ಎನ್ನುತ್ತಾರೆ. ಜಗಳಕ್ಕೆ ಒಳ್ಳೆಯ ವಿಷಯ, ಸೇದುವುದಕ್ಕೆ ಏನೂ ವ್ಯತ್ಯಾಸವಾಗುವುದಿಲ್ಲ.

ನಮ್ಮ ಹುಣಸೂರಿನಲ್ಲೇ ವರ್ಜೀನಿಯಾ ಬೆಳೆಯುತ್ತಾರಲ್ಲ, ಅಲ್ಲಿಂದ ನಾಲ್ಕು ಎಲೆ ತಂದು ಪುಡಿ ಮಾಡಿ ಸೇದಬಹುದೇ?

ಹುಣಸೂರು, ಪಿರಿಯಾಪಟ್ಟಣದ ಕಡೆಯದು ವರ್ಜೀನಿಯಾ ಜಾತಿಯದೇ. ಆದರೆ ಬ್ಯಾರನ್ನಿನಿಂದ ಇಳಿಸಿದ ಎಲೆ ಇನ್ನೂ ಹಸಿ ಘಾಟಿನದು. ಪೈಪಿಗೆ ಬರುವ ಎಲೆಯನ್ನು ವರ್ಷಗಟ್ಟಲೆ ಹಳೆಯದಾಗಿಸಿ, ನಾರು ತೆಗೆದು, ಆವಿ ಕೊಟ್ಟು ಒತ್ತಿರುತ್ತಾರೆ. ಆ ಕೆಲಸ ಆಗದ ಎಲೆ ಬಾಯಿ ಸುಡುತ್ತದೆ, ಬೇರೇನನ್ನೂ ಹೇಳುವುದಿಲ್ಲ. ಇನ್ನೊಂದು ವಿಷಯ: ಅಲ್ಲಿನ ಬೆಳೆಗಾರರು ತಂಬಾಕು ಮಂಡಳಿಯ ಪರವಾನಗಿಯಲ್ಲಿ ಬೆಳೆಯುತ್ತಾರೆ, ಮಂಡಳಿಯ ಹರಾಜು ಮಾರುಕಟ್ಟೆಯಲ್ಲೇ ಮಾರಬೇಕು. ಕರ್ನಾಟಕದಲ್ಲಿ ಈ ಹರಾಜು ಪದ್ಧತಿ 1984ರಿಂದ ನಡೆದು ಬಂದಿದೆ. ಅವರನ್ನು ಪೇಚಿಗೆ ಸಿಕ್ಕಿಸಬೇಡಿ.

ಬೀಡಿ ಸೊಪ್ಪು?

ಬೇಡ. ತುಮಕೂರಿನಲ್ಲಿ ಬೀಡಿ ಕಟ್ಟುವ ಮನೆಗಳಲ್ಲಿ ನೋಡಿದ್ದೀರಲ್ಲ, ಆ ಪುಡಿಯನ್ನು ತೂಪ್ರ ಎಲೆಯೊಳಗೆ ನಾಲ್ಕು ದಮ್ಮು ಉರಿಯುವುದಕ್ಕೆಂದೇ ಹದ ಮಾಡಿರುತ್ತಾರೆ. ಪೈಪಿನಲ್ಲಿ ಅದು ಬೇಗ ಉರಿದು, ತಂಬಾಕು ತುಂಬುವ ಬಟ್ಟಲನ್ನು ಕಾಯಿಸುತ್ತದೆ, ಸಣ್ಣ ಚೂರು ಕೊಳವೆಯಿಂದ ಬಾಯಿಗೆ ಬರುತ್ತದೆ.

ಮೊದಲ ಪೈಪ್ ಯಾವುದು ಇರಲಿ?

ಅಗ್ಗದ್ದು, ಹಗುರವಾದದ್ದು. ಮೆಕ್ಕೆಜೋಳದ ದಿಂಡಿನ ಪೈಪ್ ಇದಕ್ಕೆ ಸರಿ. ಅಮೆರಿಕದ ಮಿಸ್ಸೂರಿಯಲ್ಲಿ 1869ರಿಂದ ತಯಾರಾಗುತ್ತಿದೆ. ಹೊಸದರಲ್ಲೇ ಹೊಂದಿಕೊಳ್ಳುತ್ತದೆ, ತೇವ ಹೀರುತ್ತದೆ, ಸುಟ್ಟುಹೋದರೂ ಹೊಟ್ಟೆ ಉರಿಯುವುದಿಲ್ಲ.

ಮರದ ಪೈಪ್ ಎಂದರೆ ಸಾಮಾನ್ಯವಾಗಿ ಬ್ರಯರ್. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಯ ಬುಡದ ಗಂಟನ್ನು ಕುದಿಸಿ, ಒಣಗಿಸಿ, ಕೊರೆದು ಮಾಡುತ್ತಾರೆ. ಆ ಗಂಟು ಬೆಂಕಿಗೆ ಬೇಗ ಬಗ್ಗುವುದಿಲ್ಲ. ಮೀರ್‌ಶಾಮ್ ಎಂಬುದು ಟರ್ಕಿಯ ಎಸ್ಕಿಶೆಹಿರ್ ಕಡೆ ಸಿಗುವ ಬಿಳಿ ಖನಿಜ. ತಣ್ಣಗೆ ಸೇದಿಸಿಕೊಳ್ಳುತ್ತದೆ, ಕೈತಪ್ಪಿ ಬಿದ್ದರೆ ಹೋಳು. ನಮ್ಮಲ್ಲಿ ಕೆಲವು ಕರಕುಶಲ ಅಂಗಡಿಗಳಲ್ಲಿ ವಾರ್ನಿಷ್ ಬಳಿದ ಬೀಟೆ ಮರದ ಪೈಪ್ ಇಟ್ಟಿರುತ್ತಾರೆ. ಅದು ಶೋಕೇಸಿಗೆ. ಒಳಗೂ ವಾರ್ನಿಷ್ ಇದ್ದರೆ ಸೇದುವ ಮಾತೇ ಬೇಡ.

ಕೆಜಿಎಫ್ ಗುಜರಿಯಲ್ಲಿ ಹಳೆಯ ಇಂಗ್ಲಿಷ್ ಪೈಪ್ ಸಿಗುತ್ತವಂತೆ, ನಿಜವೇ?

ಅಪರೂಪಕ್ಕೆ ಸಿಗುತ್ತವೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈ ಹಾಕಿದ ಮೇಲೆ ಅಲ್ಲಿ ಬ್ರಿಟಿಷ್ ಎಂಜಿನಿಯರುಗಳ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲವೂ ಬಂದವು. ಪುಟ್ಟ ಇಂಗ್ಲೆಂಡ್ ಎಂದೇ ಕರೆಯುತ್ತಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ನಂತರ ಮನೆ ಖಾಲಿ ಮಾಡಿದವರ ಸಾಮಾನು ರಾಬರ್ಟ್‌ಸನ್‌ಪೇಟೆಯ ಗುಜರಿಗಳಲ್ಲಿ ಬಹಳ ಕಾಲ ಹರಿದಾಡಿತು. ಹಿತ್ತಾಳೆ ಬೀಗ, ಗಡಿಯಾರದ ಪೆಟ್ಟಿಗೆಗಳ ನಡುವೆ ಒಂದೊಂದು ಪೈಪ್ ಕಣ್ಣಿಗೆ ಬೀಳುತ್ತದೆ.

ನನ್ನ ಬಳಿ ಅಂಥದ್ದೊಂದಿದೆ. ನೇರ ಕೊಳವೆಯ, ದುಂಡು ಬಟ್ಟಲಿನ ಬ್ರಯರ್. ಮೇಲಂಚು ಒಂದು ಕಡೆ ಮಾತ್ರ ಸುಟ್ಟು ತಗ್ಗಾಗಿದೆ, ಎಡಗಡೆ. ಸೇದುತ್ತಿದ್ದಾತ ಬಲಗೈಯಲ್ಲಿ ಬೆಂಕಿಕಡ್ಡಿ ಹಿಡಿದು, ಉರಿಯನ್ನು ಯಾವಾಗಲೂ ಅದೇ ಓರೆಯಲ್ಲಿ ಎಳೆಯುತ್ತಿದ್ದ ಎಂದು ನನ್ನ ಊಹೆ. ಬಾಯಿತುದಿಯಲ್ಲಿ ಎರಡು ಹಲ್ಲಿನ ಗುರುತು. ಕತ್ತಿನ ಮೇಲೆ ಅಚ್ಚೊತ್ತಿದ ‘ಲಂಡನ್’ ಎಂಬುದನ್ನು ಬಿಟ್ಟರೆ ಉಳಿದ ಅಕ್ಷರ ತಿಕ್ಕಿ ತಿಕ್ಕಿ ಸವೆದಿವೆ. ಬೆಲೆ ಕಟ್ಟುವವನಿಗೆ ಇದು ನಾಲ್ಕು ಕಾಸಿಗೂ ಬಾಳದು.

ಕೊಳ್ಳುವಾಗ ಬಟ್ಟಲಿನ ಒಳಗೋಡೆಯನ್ನು ಟಾರ್ಚ್ ಹಾಕಿ ನೋಡಿ. ಕಿಟ್ಟ ಕಟ್ಟಿರುವುದು ದೋಷವಲ್ಲ. ಕಿಟ್ಟದ ಕೆಳಗೆ ಬಿರುಕಿದ್ದರೆ, ಹೊರಗೋಡೆಯಲ್ಲಿ ಕಪ್ಪು ಬಿಸಿ ಮಚ್ಚೆ ಕಂಡರೆ ಬಿಡಿ. ಕೊಳವೆ ಸೇರುವ ಕತ್ತಿನಲ್ಲಿ ಕೂದಲೆಳೆಯ ಸೀಳು ಇರಬಹುದು, ಉಗುರು ಹಾಯಿಸಿದರೆ ಸಿಕ್ಕುತ್ತದೆ. ಹಸಿರು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ ಬಾಯಿತುದಿ ಎಬೊನೈಟ್ ಎಂಬ ಗಟ್ಟಿ ರಬ್ಬರಿನದು. ಅದು ಬಿಸಿಲಿಗೆ ಹಾಗಾಗುತ್ತದೆ, ಉಜ್ಜಿದರೆ ಕಪ್ಪು ಮರಳುತ್ತದೆ.

ಇನ್ನೊಬ್ಬರ ಬಾಯಿಯ ಪೈಪ್, ಎಂಜಲಲ್ಲವೇ?

ನಮ್ಮ ಮನೆಯಲ್ಲೂ ಮೊದಲು ಎದ್ದ ಮಾತು ಇದೇ. ಬಟ್ಟಲಿಗೆ ಹರಳುಪ್ಪು ತುಂಬಿ, ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಸ್ಪಿರಿಟ್ ಹನಿಹನಿಯಾಗಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಉಪ್ಪು ಕಂದಾಗಿರುತ್ತದೆ. ಸುರಿದು, ಒರೆಸಿ, ಎರಡು ಮೂರು ದಿನ ಒಣಗಲು ಬಿಡಿ. ಕೊಳವೆಯೊಳಗೆ ಸ್ಪಿರಿಟ್ ಅದ್ದಿದ ಪೈಪ್ ಕ್ಲೀನರ್ (ನೂಲು ಸುತ್ತಿದ ತೆಳು ತಂತಿ) ಬಿಳಿಯಾಗಿ ಹೊರಬರುವವರೆಗೂ ಆಡಿಸಿ. ಬಾಯಿತುದಿಯನ್ನು ಬೇರೆಯಾಗಿ ತೊಳೆಯಿರಿ. ಮೀರ್‌ಶಾಮ್ ಪೈಪಿಗೆ ಉಪ್ಪು ಸ್ಪಿರಿಟ್ಟಿನ ಉಪಚಾರ ಸಲ್ಲದು. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಗಾಜಿನ ಕಪಾಟಿನಲ್ಲಿಡಿ, ಚೆನ್ನಾಗಿ ಕಾಣುತ್ತದೆ.

ಡಬ್ಬಿಯಿಂದ ತೆಗೆದು ನೇರ ತುಂಬಿದೆ. ಐದು ನಿಮಿಷಕ್ಕೊಮ್ಮೆ ಆರುತ್ತದೆ, ಗೊರಗೊರ ಶಬ್ದ ಬರುತ್ತದೆ. ತಂಬಾಕು ಸರಿಯಿಲ್ಲವೇ?

ತಂಬಾಕಿನ ಮೇಲೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು ಹದದ ದೂರುಗಳೇ. ಡಬ್ಬಿಯ ತಂಬಾಕು ಸೇದುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಒದ್ದೆಯಾಗಿರುತ್ತದೆ. ಒಂದು ಬಟ್ಟಲಿಗೆ ಬೇಕಾಗುವಷ್ಟನ್ನು, ಸುಮಾರು ಎರಡು ಮೂರು ಗ್ರಾಂ, ಬಿಳಿ ಹಾಳೆಯ ಮೇಲೆ ಹರಡಿ ಬಿಡಿ. ಎಷ್ಟು ಹೊತ್ತು ಎನ್ನುವುದಕ್ಕೆ ಕಾಲವನ್ನು ನೋಡಬೇಕು. ಫೆಬ್ರವರಿಯಿಂದ ಮೇವರೆಗೆ ಕೋಲಾರದ ಒಣ ಗಾಳಿಗೆ ಕಾಲು ಗಂಟೆ ಧಾರಾಳ. ಮರೆತು ಊಟಕ್ಕೆ ಹೋದರೆ ಪುಡಿ. ಅಕ್ಟೋಬರಿನ ಜಡಿಮಳೆಯಲ್ಲಿ ಒಂದು ಗಂಟೆ ಕಳೆದರೂ ಮೆತ್ತಗೇ ಇರುತ್ತದೆ. ಫ್ಯಾನಿನ ಕೆಳಗೆ ಇಡಬೇಡಿ, ಹಾರಿಹೋಗುತ್ತದೆ.

ಗಡಿಯಾರವನ್ನು ನಂಬುವುದಕ್ಕಿಂತ ಬೆರಳನ್ನು ನಂಬಿ. ಹೆಬ್ಬೆರಳು ತೋರುಬೆರಳ ನಡುವೆ ಚಿಟಿಕೆ ಹಿಡಿದು ಒತ್ತಿ ಬಿಟ್ಟಾಗ ಮುದ್ದೆಯಾಗಿ ಉಳಿದರೆ ಇನ್ನೂ ಹಸಿ. ಮುರಿದು ಉದುರಿದರೆ ಒಣಗಿದ್ದು ಹೆಚ್ಚಾಯಿತು. ನಿಧಾನವಾಗಿ ಬಿಡಿಸಿಕೊಂಡು, ಆದರೆ ಸದ್ದಿಲ್ಲದೆ ಅರಳಿದರೆ ಹದ ಬಂದಿದೆ. ಇಂಗ್ಲಿಷ್ ಮಿಶ್ರಣ ಸುವಾಸನೆಯ ತಂಬಾಕಿಗಿಂತ ಸ್ವಲ್ಪ ಒಣಗಿದ್ದರೇ ಚೆನ್ನ. ಸುವಾಸನೆಯ ತಂಬಾಕಿನಲ್ಲಿ ತೇವ ಹಿಡಿದಿಡುವ ರಾಸಾಯನಿಕ ಇರುತ್ತದೆ, ಅದು ಒಣಗುವುದೇ ಇಲ್ಲ.

ಗೊರಗೊರ ಬಂದರೆ ಪೈಪ್ ಕ್ಲೀನರನ್ನು ಬಾಯಿತುದಿಯಿಂದ ಕೆಳಗಿನವರೆಗೆ ಇಳಿಸಿ, ಒಂದು ಕ್ಷಣ ಬಿಟ್ಟು ತೆಗೆಯಿರಿ. ಬಾಗಿದ ಪೈಪಿನಲ್ಲಿ ಕೆಲವೊಮ್ಮೆ ಕ್ಲೀನರ್ ಹೋಗುವುದಿಲ್ಲ. ಬಿಸಿಯಾಗಿರುವಾಗ ಕೊಳವೆಯನ್ನು ತಿರುಚಿ ಕೀಳಲು ಹೋಗಬೇಡಿ, ಕತ್ತು ಸೀಳುತ್ತದೆ.

ತುಂಬುವುದು ಹೇಗೆ?

ಕೆಳಗೆ ಸಡಿಲ, ಮೇಲೆ ಬರಬರುತ್ತಾ ಬಿಗಿ. ಮೊದಲು ಉದುರಿಸಿ ತುಂಬಿ ಅರ್ಧಕ್ಕೆ ಒತ್ತಿ. ಮತ್ತೆ ತುಂಬಿ ಮುಕ್ಕಾಲಿಗೆ ಒತ್ತಿ. ಕೊನೆಗೆ ಅಂಚಿನ ಮಟ್ಟಕ್ಕೆ. ಪ್ರತಿ ಸಲವೂ ಬೆಂಕಿ ಇಲ್ಲದೆ ಒಮ್ಮೆ ಎಳೆದು ನೋಡಿ. ಗಾಳಿ ತುಸು ತಡೆದುಕೊಂಡು ಬರಬೇಕು. ಕೆನ್ನೆ ಒಳಗೆ ಹೋಗುವಷ್ಟು ಎಳೆಯಬೇಕಾದರೆ ಕಕ್ಕಿಸಿ ಮತ್ತೆ ತುಂಬಿ. ಅರೆಬರೆ ಸರಿಮಾಡಲು ಹೋದರೆ ಕೊನೆಯವರೆಗೂ ಕಾಟ ಕೊಡುತ್ತದೆ.

ಫ್ಲೇಕ್ ಎಂದು ಚಪ್ಪಟೆ ಹೋಳುಗಳಾಗಿ ಬಂದಿದ್ದರೆ ಅಂಗೈಯಲ್ಲಿ ತಿಕ್ಕಿ ಎಳೆಎಳೆಯಾಗಿ ಬಿಡಿಸಿಕೊಳ್ಳಿ. ಮಡಚಿ ತುರುಕುವವರೂ ಇದ್ದಾರೆ, ಅದಕ್ಕೆ ಕೈ ಪಳಗಬೇಕು.

ಹೊತ್ತಿಸುವುದಕ್ಕೆ ಲೈಟರೋ ಬೆಂಕಿಪೊಟ್ಟಣವೋ?

ಎರಡೂ ಆಗುತ್ತದೆ. ಪೆಟ್ರೋಲ್ ಲೈಟರ್ ಬೇಡ, ಮೊದಲ ಹತ್ತು ದಮ್ಮು ಪೆಟ್ರೋಲಿನದೇ ರುಚಿ. ಬೆಂಕಿಕಡ್ಡಿಯಾದರೆ ಗೀರಿದ ತಕ್ಷಣ ಹಿಡಿಯಬೇಡಿ, ತಲೆಯ ಮದ್ದು ಉರಿದು ಕಡ್ಡಿಗೆ ಬೆಂಕಿ ಬರಲಿ. ನಮ್ಮ ಕಡ್ಡಿಗಳು ಗಿಡ್ಡ. ಮದ್ದು ಉರಿದು ಮುಗಿಯುವಷ್ಟರಲ್ಲಿ ಬೆರಳಿಗೆ ಬಂದಿರುತ್ತದೆ. ಉದ್ದ ಕಡ್ಡಿಯ ಪೊಟ್ಟಣ ಸಿಕ್ಕರೆ ಎರಡು ತೆಗೆದಿಟ್ಟುಕೊಳ್ಳಿ.

ಮೊದಲ ಬೆಂಕಿಗೆ ಮೇಲ್ಪದರ ಉಬ್ಬಿ ಏಳುತ್ತದೆ, ಕರಿಯಾಗುತ್ತದೆ, ಆರುತ್ತದೆ. ಅದು ಆಗಬೇಕಾದದ್ದೇ. ಹಗುರವಾಗಿ ಅದುಮಿ ಮಟ್ಟ ಮಾಡಿ ಎರಡನೆಯ ಬೆಂಕಿ ಕೊಡಿ, ಅದು ನಿಲ್ಲುತ್ತದೆ. ಅದುಮುವುದಕ್ಕೆ ಅಂಗಡಿಯ ಸಾಧನ ಬೇಕೆಂದೇನಿಲ್ಲ. ನಾನು ಬಳಸುವುದು ಅಗಲ ತಲೆಯ ಒಂದು ಮೊಳೆ, ಚೂಪು ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದು. ಅದುಮುವಾಗ ಮೊಳೆಯ ಭಾರವೇ ಸಾಕು, ಕೈಯ ಬಲ ಬೇಡ.

ನಾಲಿಗೆ ಉರಿಯುತ್ತದೆ. ಏನು ಮಾಡಲಿ?

ನಿಧಾನ ಮಾಡಿ. ಸಿಗರೇಟಿನಿಂದ ಬಂದವರಿಗೆ ಎಳೆಯುವ ಚಾಳಿ ಹೋಗುವುದಿಲ್ಲ. ಹೊಗೆ ದಟ್ಟವಾಗಿ ಬರಬೇಕೆಂದು ಎಳೆದಷ್ಟೂ ಬಟ್ಟಲು ಕಾಯುತ್ತದೆ, ತೇವ ಬಿಸಿ ಆವಿಯಾಗಿ ನಾಲಿಗೆಯ ತುದಿಗೆ ಬಡಿಯುತ್ತದೆ. ಇಂಗ್ಲಿಷ್ ಮಿಶ್ರಣದ ಗುಣ ತಿಳಿಯುವುದು ಕೆಂಡ ಇನ್ನೇನು ಆರಿಹೋಯಿತು ಎನ್ನುವ ಅಂಚಿನಲ್ಲಿರುವಾಗ. ಆಗ ವರ್ಜೀನಿಯಾದ ಸಿಹಿ ಬರುತ್ತದೆ, ಆಮೇಲೆ ಓರಿಯೆಂಟಲ್ಲಿನ ಹುಳಿ, ಹಿಂದೆ ಎಲ್ಲೋ ಹೊಗೆಯ ಘಾಟು. ಕೆಂಡ ಭುಗಿಲೆದ್ದರೆ ಮೂರೂ ಹೋಗಿ ಕಮಟು ಉಳಿಯುತ್ತದೆ.

ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ. ಹಿತವಾದ ಬಿಸಿಯಾದರೆ ಸರಿ, ಚುರುಕ್ ಎಂದರೆ ಕೆಳಗಿಡಿ. ಆರಿದರೆ ಆರಲಿ, ಮತ್ತೆ ಹೊತ್ತಿಸಬಹುದು. ಒಂದು ಬಟ್ಟಲು ಮುಕ್ಕಾಲು ಗಂಟೆ ಬಂದರೆ ಸರಿಯಾದ ಗತಿ. ಕೆಲಸದ ನಡುವೆ ಐದು ನಿಮಿಷ ಬಿಡುವು ಸಿಕ್ಕಿತೆಂದು ಹೊತ್ತಿಸುವ ವಸ್ತು ಇದಲ್ಲ.

ಉರಿ ಒಂದೆರಡು ದಿನದಲ್ಲಿ ಹೋಗುತ್ತದೆ. ಹೋಗುವವರೆಗೆ ಪೈಪ್ ಮುಟ್ಟಬೇಡಿ.

ತಲೆ ಸುತ್ತಿ ವಾಂತಿ ಬಂದ ಹಾಗಾಯಿತು.

ನಿಕೋಟಿನ್ ಹೆಚ್ಚಾಗಿದೆ. ಪೈಪ್ ಇಟ್ಟು, ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ನೀರು ಕುಡಿದು ಗಾಳಿಯಲ್ಲಿ ಕುಳಿತುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಸೇದಿದ್ದೀರಿ ಎಂದು ಕೇಳದೆಯೇ ಹೇಳಬಹುದು. ಎದೆ ಹೊಡೆದುಕೊಳ್ಳುವುದು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ಜೊತೆಗೆ ಏನು ಕುಡಿಯಬೇಕು?

ನೀರು. ಅದು ಬಿಟ್ಟರೆ ಸಕ್ಕರೆ ಇಲ್ಲದ ಡಿಕಾಕ್ಷನ್ ಅಥವಾ ಹಾಲಿಲ್ಲದ ಚಹಾ. ನಮ್ಮ ಹೋಟೆಲಿನ ಬೈಟೂ ಕಾಫಿಯ ಸಕ್ಕರೆ ಲಟಾಕಿಯಾವನ್ನು ನುಂಗಿಬಿಡುತ್ತದೆ. ಮದ್ಯದ ಜೊತೆ ಎನ್ನುವವರಿಗೆ ಒಂದು ಮಾತು: ತಂಬಾಕು ಮತ್ತು ಮದ್ಯ ಕೂಡಿದರೆ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ಬರೀ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತದೆ.

ಮನೆಯವರು ವಾಸನೆಗೆ ಆಕ್ಷೇಪಿಸುತ್ತಾರೆ.

ಅವರು ಹೇಳುವುದು ಸರಿ. ಚೆರ್ರಿ ತಂಬಾಕಿನ ಹೊಗೆಯನ್ನು ಪಕ್ಕದವರು ಸಹಿಸಿಕೊಂಡಾರು, ಲಟಾಕಿಯಾ ಹೊಗೆಯನ್ನು ಸಹಿಸಲಾರರು. ಪರದೆಗೆ, ಹಾಸಿಗೆಗೆ, ಒಣಹಾಕಿದ ಬಟ್ಟೆಗೆ ಹಿಡಿದರೆ ವಾರವಾದರೂ ಬಿಡದು. ವಾಸನೆ ಒಂದು ಕಡೆಯಿರಲಿ, ಬೇರೆಯವರ ಹೊಗೆ ಮಕ್ಕಳಿಗೂ ಗರ್ಭಿಣಿಯರಿಗೂ ಉಬ್ಬಸ ಇರುವವರಿಗೂ ನೇರ ಹಾನಿ. ಮನೆಯೊಳಗೆ, ಕಾರಿನೊಳಗೆ ಬೇಡವೇ ಬೇಡ. ತಾರಸಿ ಇದ್ದರೆ ತಾರಸಿ. ಅಲ್ಲೂ ಪಕ್ಕದ ಮನೆಯ ಕಿಟಕಿ ಯಾವ ಕಡೆ ಇದೆ ನೋಡಿಕೊಳ್ಳಿ.

ನಂದಿ ಬೆಟ್ಟದಲ್ಲಿ, ಅಂತರಗಂಗೆಯಲ್ಲಿ ಕುಳಿತು ಸೇದಿದರೆ ಎಷ್ಟು ಚೆನ್ನ!

ಚಿತ್ರಕ್ಕೆ ಚೆನ್ನ. ಬೇಸಿಗೆಯಲ್ಲಿ ಈ ಬೆಟ್ಟಗಳ ಹುಲ್ಲು ಒಂದು ಕಿಡಿಗೆ ಕಾದಿರುತ್ತದೆ. ನೀಲಗಿರಿ ತೋಪಿನ ತರಗೆಲೆಯಂತೂ ಎಣ್ಣೆ ತುಂಬಿದ್ದು. ಪೈಪಿನ ತಳದ ಕೆಂಡ ಬೂದಿ ಮುಚ್ಚಿಕೊಂಡು ಬಹಳ ಹೊತ್ತು ಬದುಕಿರುತ್ತದೆ. ಹೊಲದ ಬದುವಿನಲ್ಲಿ ಕುಳಿತು ಸೇದಿ, ರಾಗಿ ಹುಲ್ಲಿನ ಮೆದೆಯ ಪಕ್ಕ ಬಟ್ಟಲನ್ನು ಕಂಬಕ್ಕೆ ತಟ್ಟಿ ಕೊಡವಿದ ಒಬ್ಬರನ್ನು ನಾನು ಬಲ್ಲೆ. ಮೆದೆ ಉಳಿಯಿತು, ಪಕ್ಕದಲ್ಲಿ ನೀರಿನ ಡ್ರಮ್ಮಿತ್ತು. ಬೂದಿಯನ್ನು ನೀರು ಹಾಕಿದ ಡಬ್ಬಕ್ಕೇ ಕೊಡವಿ.

ಕಾನೂನು ಏನು ಹೇಳುತ್ತದೆ?

ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧದ ನಿಯಮ 2008ರ ಅಕ್ಟೋಬರ್ 2ರಿಂದ ಬಿಗಿಯಾಗಿದೆ. ಕಚೇರಿ, ಹೋಟೆಲ್, ಚಿತ್ರಮಂದಿರ, ಆಸ್ಪತ್ರೆ ಎಲ್ಲವೂ ಇದರಲ್ಲಿ ಬರುತ್ತವೆ, ಪೈಪಿಗೂ ವಿನಾಯಿತಿಯಿಲ್ಲ. ಕರ್ನಾಟಕದ ತಿದ್ದುಪಡಿ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲೆ ದಂಡ 200 ರೂಪಾಯಿಯಿಂದ 1,000ಕ್ಕೆ ಏರಿದೆ, ತಂಬಾಕು ಕೊಳ್ಳುವ ವಯಸ್ಸು 18ರಿಂದ 21ಕ್ಕೆ ಹೋಗಿದೆ. ತಂಬಾಕಿನ ಜಾಹೀರಾತು ನಿಷಿದ್ಧ. ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂದು ನನ್ನನ್ನು ಕೇಳಬೇಡಿ, ಹೇಳುವುದಿಲ್ಲ.

ಸೇದಿ ಮುಗಿದ ಮೇಲೆ ಪೈಪನ್ನು ಏನು ಮಾಡಬೇಕು?

ತಣ್ಣಗಾಗಲಿ. ಆಮೇಲೆ ಬೂದಿ ತೆಗೆದು, ಕೊಳವೆಗೆ ಕ್ಲೀನರ್ ಹಾಕಿ, ಬಟ್ಟಲನ್ನು ಕಾಗದದಿಂದ ಒರೆಸಿ, ಕನಿಷ್ಠ ಒಂದು ದಿನ ವಿಶ್ರಾಂತಿ ಕೊಡಿ. ಒಳಗೋಡೆಗೆ ಕಟ್ಟುವ ಕರಿ ಕಿಟ್ಟ ಮರವನ್ನು ಕಾಯುತ್ತದೆ. ಒಂದು ಮಿಲಿಮೀಟರ್ ಸಾಕು. ಅದಕ್ಕಿಂತ ದಪ್ಪವಾದರೆ ಬಿಸಿಗೆ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಕೆರೆಯುವಾಗ ಚಾಕುವಿನ ಮೊನೆ ತಾಗಿಸಬೇಡಿ.

ಲಟಾಕಿಯಾಗೆ ಒಂದು ಪೈಪನ್ನು ಮೀಸಲಿಡಿ. ಅದರಲ್ಲಿ ಬರೀ ವರ್ಜೀನಿಯಾ ಸೇದಿದರೂ ಹಿಂದಿನ ಹೊಗೆ ಬಂದು ಕೂರುತ್ತದೆ.

ಡಬ್ಬಿ ತೆರೆದ ಮೇಲೆ ಹೇಗೆ ಇಡಬೇಕು?

ರಬ್ಬರ್ ಅಂಚಿನ ಬಿಗಿ ಮುಚ್ಚಳದ ಗಾಜಿನ ಜಾಡಿಯಲ್ಲಿ, ಬೆಳಕು ಬೀಳದ ಕಡೆ. ಫ್ರಿಜ್ ಬೇಡ. ಒಣಗಿದೆಯೆಂದು ಸೇಬಿನ ಚೂರು, ಆಲೂಗಡ್ಡೆ ಚೂರು ಹಾಕುವ ಹಳೆಯ ಉಪಾಯ ಬೂಷ್ಟಿಗೆ ಆಹ್ವಾನ. ಬೂಷ್ಟು ಬಂದರೆ ಜಾಡಿಯದ್ದೆಲ್ಲವನ್ನೂ ಎಸೆಯಿರಿ, ಮೇಲಿನದು ತೆಗೆದು ಕೆಳಗಿನದು ಉಳಿಸುವ ಜಿಪುಣತನ ಬೇಡ. ಅಡುಗೆಮನೆಯ ಉಗ್ರಾಣವೂ ಬೇಡ: ಮೆಣಸಿನಕಾಯಿ, ಅರಿಶಿನದಲ್ಲಿ ಬೀಳುವ ಸಣ್ಣ ಕಂದು ಹುಳು ತಂಬಾಕಿನದೇ ಹುಳು, ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ವರ್ಷ ಕಳೆದಂತೆ ವರ್ಜೀನಿಯಾ ಏರುತ್ತದೆ, ಲಟಾಕಿಯಾ ಇಳಿಯುತ್ತದೆ. ಹೊಗೆಯ ಅಬ್ಬರಕ್ಕಾಗಿ ಕೊಂಡಿದ್ದರೆ ಬೇಗ ಮುಗಿಸಿ. ಮೃದುವಾಗಲಿ ಎಂದಿದ್ದರೆ ಐದಾರು ವರ್ಷ ಮರೆತುಬಿಡಿ.

ಡನ್‌ಹಿಲ್ ಈಗ ಸಿಗುವುದಿಲ್ಲವಂತೆ?

ಆ ಹೆಸರಿನಲ್ಲಿ ಪೈಪ್ ತಂಬಾಕು 2018ರ ಹೊತ್ತಿಗೆ ನಿಂತಿತು. ‘ನೈಟ್‌ಕ್ಯಾಪ್’, ‘ಅರ್ಲಿ ಮಾರ್ನಿಂಗ್ ಪೈಪ್’, ‘ಮೈ ಮಿಕ್ಸ್ಚರ್ 965’ ಈಗ ಪೀಟರ್ಸನ್ ಹೆಸರಿನಲ್ಲಿ ಬರುತ್ತಿವೆ. ಹಳೆಯ ಡಬ್ಬಿಗೆ ಚಿನ್ನದ ಬೆಲೆ ಹೇಳುವವರನ್ನು ನಂಬುವ ಅಗತ್ಯ ಕಾಣೆ. ಇಂಗ್ಲೆಂಡಿನಲ್ಲೇ ಇನ್ನೂ ಕೆಲಸ ಮಾಡುವ ಮನೆತನ ಬೇಕೆಂದರೆ ಕೆಂಡಲ್ ಊರಿನ ಗಾವಿತ್ ಇದೆ, 1792ರಿಂದ ನಡೆದುಬಂದದ್ದು. ಅವರ ‘ಸ್ಕ್ವಾಡ್ರನ್ ಲೀಡರ್’ ಈ ಪದ್ಧತಿಯ ನೇರ ಮಾದರಿ. ಒದ್ದೆಯಾಗಿ ಬರುತ್ತದೆ, ಹಾಳೆಯ ಮೇಲೆ ಹರಡುವ ಪಾಠ ಅದಕ್ಕೆ ಎರಡರಷ್ಟು.

ವಿದೇಶದಿಂದ ಬರುವವರ ಹತ್ತಿರ ತರಿಸಬಹುದೇ?

ತರಿಸಬಹುದು, ಮಿತಿಯೊಳಗೆ. ಸುಂಕವಿಲ್ಲದೆ ಒಬ್ಬ ಪ್ರಯಾಣಿಕ 100 ಸಿಗರೇಟು, ಇಲ್ಲವೇ 25 ಸಿಗಾರ್, ಇಲ್ಲವೇ 125 ಗ್ರಾಂ ತಂಬಾಕು ತರಬಹುದು ಎಂದು 2016ರ ಬ್ಯಾಗೇಜ್ ನಿಯಮ ಹೇಳುತ್ತಿತ್ತು. ‘ಇಲ್ಲವೇ’ ಎಂಬುದನ್ನು ಗಮನಿಸಿ, ಮೂರನ್ನೂ ಸೇರಿಸುವಂತಿಲ್ಲ. ಡಬ್ಬಿಗಳು ಸಾಮಾನ್ಯವಾಗಿ 50 ಗ್ರಾಮಿನವು, ಆ ಲೆಕ್ಕದಲ್ಲಿ ಎರಡು ನಿಶ್ಚಿಂತೆಯಿಂದ ಬರುತ್ತವೆ, ಮೂರನೆಯದಕ್ಕೆ ಸುಂಕ ಕಟ್ಟಬೇಕು, ಅದು ಡಬ್ಬಿಯ ಬೆಲೆಯನ್ನೇ ನಾಚಿಸುತ್ತದೆ. ಹೊರಡುವ ಮುನ್ನ ಆಗ ಜಾರಿಯಲ್ಲಿರುವ ನಿಯಮವನ್ನು ಅವರು ಒಮ್ಮೆ ನೋಡಿಕೊಳ್ಳಲಿ. ಡಬ್ಬಿಯ ಸೀಲು ಒಡೆಯದಿರಲಿ, ಬಿಲ್ಲು ಕೈಚೀಲದಲ್ಲಿರಲಿ.